ಸುಂಕದ ಕಟ್ಟೆ ಮತ್ತು ಕುಡಿತದ ಚಟ



ಸುಂಕವು ಕುಡಿಯುವವರ ಖರೀದಿಯನ್ನು ಹೇಗೆ ಬದಲಿಸುತ್ತದೆ ಎಂಬುದಕ್ಕೆ ಕೆನಡಾ ಉತ್ತಮ ನಿದರ್ಶನ. 2025ರ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಕೆನಡಾದ ಬಹುತೇಕ ಸರಕುಗಳ ಮೇಲೆ ಶೇ. 25ರ ಸುಂಕ ಹೇರಿದರು. ಉತ್ತರವಾಗಿ ಅಲ್ಲಿನ ಹಲವು ಪ್ರಾಂತ್ಯಗಳು ಅಮೆರಿಕದ ಮದ್ಯವನ್ನು ಸರಕಾರಿ ಮಳಿಗೆಗಳಿಂದ ತೆರವುಗೊಳಿಸಿದವು. ಒಂಟಾರಿಯೊದಲ್ಲಿ ಸಗಟು ವ್ಯಾಪಾರವೂ ಸರಕಾರಿ ನಿಗಮದ ಕೈಯಲ್ಲಿರುವುದರಿಂದ ಹೋಟೆಲುಗಳಿಗೂ ಅದರ ಪೂರೈಕೆ ನಿಂತಿತು. ಕ್ಯಾಲಿಫೋರ್ನಿಯಾದ ವೈನ್ ಕೊಳ್ಳುತ್ತಿದ್ದವರು ಸ್ಥಳೀಯ ವೈನ್‌ನತ್ತ ಹೊರಳಿದರು. ದೇಶಾಭಿಮಾನದಿಂದ ಬಾಟಲಿಯ ಊರು ಬದಲಾಯಿತು; ಕುಡಿತ ನಿಲ್ಲಲಿಲ್ಲ.

ನಮ್ಮ ದೇಶದಲ್ಲಿ ಸುಂಕ ಇಳಿಕೆಯ ಹಾದಿ ಹಿಡಿದಿದೆ. 2025ರ ಜುಲೈಯಲ್ಲಿ ಬ್ರಿಟನ್ನಿನೊಂದಿಗೆ ಸಹಿ ಹಾಕಿದ ಒಪ್ಪಂದದಲ್ಲಿ, ವಿಸ್ಕಿಯ ಆಮದು ಸುಂಕವನ್ನು ಶೇ. 150ರಿಂದ 75ಕ್ಕೆ, ಹತ್ತು ವರ್ಷಗಳಲ್ಲಿ 40ಕ್ಕೆ ಇಳಿಸಲು ಭಾರತ ಒಪ್ಪಿತು. ಪಾನನಿರೋಧಕ್ಕೆ ಶ್ರಮಿಸಬೇಕೆಂಬ ಸಂವಿಧಾನದ 47ನೆಯ ವಿಧಿಯನ್ನು ಆಗ ನೆನೆದವರೆಷ್ಟು ಮಂದಿ?

ಸರಕಾರಗಳಿಗೆ ಮದ್ಯವು ಚೌಕಾಶಿಯ ಸರಕು. ಕುಡುಕನ ಮನೆಯಲ್ಲಿ ಅದು ಮಕ್ಕಳ ಅನ್ನವನ್ನು ಕಸಿಯುವ ಪಿಡುಗು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದು ನಮ್ಮ ಹಿರಿಯರು ಎಂದೋ ಅರಿತಿದ್ದರು. ಚಟ ಬಿಡಿಸುವ ಹೊಣೆಯನ್ನು ನಾವು ನಮ್ಮ ಮನೆ, ನಮ್ಮ ಮೊಹಲ್ಲಾಗಳಿಂದಲೇ ಹೊರೋಣ.