ಹೊಟ್ಟೆ ಕಳಿಸುವ ಓಲೆ



ಉಂಡ ಅನ್ನ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಚಿಕ್ಕ ಮಗುವೂ ಹೊಟ್ಟೆಯನ್ನು ತೋರಿಸುತ್ತದೆ. ತುಳುವಿನಲ್ಲಿ ಹೊಟ್ಟೆಗೆ ಬಂಜಿ ಎಂದು ಹೆಸರು. ಬಂಜಿ ಎಂದರೆ ತುಂಬಿಸಬೇಕಾದ ಒಂದು ಚೀಲ, ಹೆಚ್ಚೆಂದರೆ ಅರೆಯುವ ಒಂದು ಕಲ್ಲು ಎಂಬುದು ಸಾಮಾನ್ಯ ತಿಳಿವಳಿಕೆ. ವಿಜ್ಞಾನಿಗಳೂ ಬಹುಕಾಲ ಹಾಗೆಯೇ ತಿಳಿದಿದ್ದರು. ಆದರೆ ಕರುಳು ಆಹಾರವನ್ನು ಅರಗಿಸುವುದಷ್ಟೇ ಅಲ್ಲ, ಅದು ಬರುತ್ತಿರುವ ಸುದ್ದಿಯನ್ನು ದೇಹಕ್ಕೆಲ್ಲ ಮೊದಲೇ ತಿಳಿಸುತ್ತದೆ. ಆ ಸುದ್ದಿಯ ಓಲೆಗಳೇ ಕರುಳಿನ ಹಾರ್ಮೋನುಗಳು.

ಈ ಸಂಗತಿ ಬೆಳಕಿಗೆ ಬಂದದ್ದು 1902ರ ಜನವರಿಯಲ್ಲಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ. ಆಹಾರ ಸಣ್ಣ ಕರುಳಿಗೆ ಇಳಿದೊಡನೆ ಮೇದೋಜೀರಕ ಗ್ರಂಥಿ ರಸ ಸುರಿಸುತ್ತದೆ. ಅದಕ್ಕೆ ಅಪ್ಪಣೆ ಕೊಡುವವರು ಯಾರು? ನರಗಳು ಎಂದು ರಷ್ಯಾದ ಪಾವ್ಲೋವ್ ಹೇಳಿದ್ದರು. ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಒಂದು ನಾಯಿಯ ಕರುಳಿನ ತುಂಡಿಗೆ ಹೋಗುವ ನರಗಳನ್ನು ಕತ್ತರಿಸಿ, ಅಲ್ಲಿಗೆ ಆಮ್ಲವನ್ನು ಹಾಕಿದರು. ರಸ ಆಗಲೂ ಸುರಿಯಿತು. ಕರುಳಿನ ಒಳಪೊರೆಯನ್ನು ಆಮ್ಲದೊಡನೆ ಅರೆದು ರಕ್ತಕ್ಕೆ ಚುಚ್ಚಿದಾಗಲೂ ಸುರಿಯಿತು. ಅಪ್ಪಣೆ ಬಂದದ್ದು ರಕ್ತದ ಮೂಲಕ! ಆ ವಸ್ತುವಿಗೆ ಅವರು ಸೆಕ್ರಿಟಿನ್ ಎಂದು ಹೆಸರಿಟ್ಟರು. ಇಂಥ ದೂತರಿಗೆಲ್ಲ 'ಹಾರ್ಮೋನು' ಎಂಬ ಹೆಸರನ್ನು ಸ್ಟಾರ್ಲಿಂಗ್ ಬಳಕೆಗೆ ತಂದದ್ದು 1905ರಲ್ಲಿ. ಹಾಗಾಗಿ ಹಾರ್ಮೋನು ಎಂಬ ಮಾತು ಹುಟ್ಟಿದ್ದೇ ಕರುಳಿನಿಂದ ಎನ್ನಬೇಕು.

1964ರಲ್ಲಿ ಇನ್ನೊಂದು ಒಗಟು ಎದುರಾಯಿತು. ಗ್ಲೂಕೋಸನ್ನು ನೇರವಾಗಿ ರಕ್ತನಾಳಕ್ಕೆ ಕೊಡುವುದಕ್ಕಿಂತ ಬಾಯಿಂದ ಕುಡಿಸಿದಾಗ ದೇಹ ಹೆಚ್ಚು ಇನ್ಸುಲಿನ್ ಸುರಿಸುತ್ತದೆ ಎಂದು ಗೊತ್ತಾಯಿತು. ಸಕ್ಕರೆ ಅದೇ, ದಾರಿ ಮಾತ್ರ ಬೇರೆ. ಎಂದರೆ ದಾರಿಯಲ್ಲಿ ಕರುಳು ಏನನ್ನೋ ಸೇರಿಸುತ್ತಿದೆ. ಹೀಗೆ ಸೇರುವ ಹಾರ್ಮೋನುಗಳಲ್ಲಿ ಎರಡು ಮುಖ್ಯ. ಸಣ್ಣ ಕರುಳಿನ ಮೇಲ್ಭಾಗದಿಂದ ಬರುವುದು ಜಿಐಪಿ, ಹೆಚ್ಚಾಗಿ ಕೆಳಭಾಗದಿಂದ ಬರುವುದು ಜಿಎಲ್‌ಪಿ-1. ಎರಡನೆಯದರ ಆಯುಷ್ಯ ರಕ್ತದಲ್ಲಿ ಒಂದೆರಡು ನಿಮಿಷ ಮಾತ್ರ. ಅಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ.

ಏನು ಆ ಕೆಲಸ? ದೇಹದಲ್ಲಿ ಮೂರು ಉಗ್ರಾಣಗಳಿವೆ: ಪಿತ್ತಜನಕಾಂಗ, ಸ್ನಾಯು ಮತ್ತು ಕೊಬ್ಬಿನ ಅಂಗಾಂಶ. ಹಸಿದಾಗ ಪಿತ್ತಜನಕಾಂಗ ತನ್ನಲ್ಲಿರುವ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತಿರುತ್ತದೆ. ಹಾಗೆ ಬಿಡು ಎಂದು ಹೇಳುವುದು ಗ್ಲುಕಗಾನ್ ಎಂಬ ಹಾರ್ಮೋನು. ಊಟವಾದೊಡನೆ ಜಿಎಲ್‌ಪಿ-1 ಗ್ಲುಕಗಾನನ್ನು ತಗ್ಗಿಸಿ ಇನ್ಸುಲಿನ್ನನ್ನು ಏರಿಸುತ್ತದೆ. ಪಿತ್ತಜನಕಾಂಗ ಕೊಡುವುದನ್ನು ನಿಲ್ಲಿಸಿ ಕೂಡಿಡಲು ತೊಡಗುತ್ತದೆ. ಅದೇ ಇನ್ಸುಲಿನ್ ಸ್ನಾಯುವಿನ ಬಾಗಿಲನ್ನೂ ತೆರೆದು ಸಕ್ಕರೆಯನ್ನು ಒಳಗೆ ಕರೆದುಕೊಳ್ಳುತ್ತದೆ. ಜಿಐಪಿ ಕೊಬ್ಬಿನ ಅಂಗಾಂಶಕ್ಕೆ ನೇರವಾಗಿಯೇ ಹೇಳಿ, ಉಂಡ ಜಿಡ್ಡನ್ನು ಶೇಖರಿಸಲು ನೆರವಾಗುತ್ತದೆ. ಇದಲ್ಲದೆ ಜಿಎಲ್‌ಪಿ-1 ಜಠರ ಬರಿದಾಗುವ ವೇಗವನ್ನು ತಗ್ಗಿಸಿ, ಮಿದುಳಿಗೆ 'ಸಾಕು' ಎಂದೂ ತಿಳಿಸುತ್ತದೆ. 'ಇನ್ನೂ ಬೇಕು' ಎನ್ನುವ ಗ್ರೆಲಿನ್ ಹೊರಡುವುದು ಜಠರದಿಂದ. ಅದನ್ನು ಜಪಾನಿನ ಕೊಜಿಮಾ ಮತ್ತು ಕಂಗಾವಾ 1999ರಲ್ಲಿ ಕಂಡುಹಿಡಿದರು.

ಓಲೆಯಲ್ಲಿ ಏನು ಬರೆದಿರುತ್ತದೆ ಎಂಬುದು ಉಣ್ಣುವ ಆಹಾರವನ್ನು ಅವಲಂಬಿಸಿದೆ. ದಕ್ಷಿಣ ಕನ್ನಡದ ಅಡಿಗೆಮನೆಯನ್ನೇ ನೋಡಿ. ಕುಚ್ಚಲಕ್ಕಿಯನ್ನು ಭತ್ತವಿರುವಾಗಲೇ ಬೇಯಿಸಿ ಒಣಗಿಸುತ್ತಾರೆ. ಆಗ ಅದರ ಪಿಷ್ಟ ಒಮ್ಮೆ ಮೆತ್ತಗಾಗಿ ಮತ್ತೆ ಗಟ್ಟಿಯಾಗುವುದರಿಂದ ಬೆಳ್ತಿಗೆ ಅಕ್ಕಿಗಿಂತ ನಿಧಾನವಾಗಿ ಅರಗುತ್ತದೆ. ಹುರುಳಿ, ಹೆಸರು, ಬಸಳೆ, ಅಲಸಂಡೆಗಳ ನಾರು ದೊಡ್ಡ ಕರುಳಿನವರೆಗೂ ಹೋಗುತ್ತದೆ. ಅಲ್ಲಿ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸಿದಾಗ ಹುಟ್ಟುವ ಆಮ್ಲಗಳು ಜಿಎಲ್‌ಪಿ-1 ಸುರಿಸುವ ಕೋಶಗಳನ್ನು ಎಬ್ಬಿಸುತ್ತವೆ. ಬಾಳೆಲೆಯ ಮೇಲೆ ಕೋಸಂಬರಿ, ಪಲ್ಯಗಳು ಅನ್ನಕ್ಕಿಂತ ಮೊದಲು ಬೀಳುತ್ತವಷ್ಟೆ. ತರಕಾರಿ ಹಾಗೂ ಸಸಾರಜನಕದ ಪದಾರ್ಥಗಳನ್ನು ಮೊದಲು ತಿಂದು ಪಿಷ್ಟವನ್ನು ಆಮೇಲೆ ತಿಂದರೆ ರಕ್ತದ ಸಕ್ಕರೆ ಕಡಿಮೆ ಏರುತ್ತದೆ ಎಂದು 2015ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಒಂದು ಸಣ್ಣ ಅಧ್ಯಯನ ತೋರಿಸಿತು.

ಹೊತ್ತಿಗೂ ಬೆಲೆಯಿದೆ. ಮೂಡುಬಿದಿರೆ, ವೇಣೂರುಗಳ ಜೈನ ಮನೆತನಗಳಲ್ಲಿ ಸೂರ್ಯಾಸ್ತಕ್ಕೆ ಮೊದಲೇ ಉಣ್ಣುವ ವ್ರತ ಹಳೆಯದು. ಅದರ ಮೂಲ ಅಹಿಂಸೆ. ಕತ್ತಲಲ್ಲಿ ಕಾಣದ ಜೀವಿಗಳಿಗೆ ಹಾನಿಯಾಗಬಾರದು ಎಂಬುದೇ ಹೊರತು ಆರೋಗ್ಯದ ಲೆಕ್ಕಾಚಾರವಲ್ಲ. ಆದರೂ ಅದೇ ಊಟ ಬೆಳಿಗ್ಗೆಗಿಂತ ರಾತ್ರಿ ರಕ್ತದ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ ಎಂಬುದು ಈಗ ದೃಢಪಟ್ಟಿದೆ. ಹಿರಿಯರಿಗೆ ಎಲ್ಲವೂ ಮೊದಲೇ ಗೊತ್ತಿತ್ತು ಎಂದು ಹಿಗ್ಗಬೇಕಾಗಿಲ್ಲ. ಆಚರಣೆಯೊಂದರ ಉದ್ದೇಶ ಬೇರೆ, ಪರಿಣಾಮ ಬೇರೆ ಇರಬಹುದು.

ಇಷ್ಟೆಲ್ಲ ಇದ್ದೂ ಇಲ್ಲಿ ಸಕ್ಕರೆ ಕಾಯಿಲೆ ಏಕೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿ ಎಂದು ಅಂದಾಜು ಮಾಡಿತ್ತು. ಗಂಜಿಯುಂಡು ಇಡೀ ದಿನ ಗದ್ದೆಯಲ್ಲಿ ಬಾಗುತ್ತಿದ್ದ ಕಾಲದಲ್ಲಿ ಸ್ನಾಯುವಿನ ಉಗ್ರಾಣ ದಿನವೂ ಖಾಲಿಯಾಗುತ್ತಿತ್ತು. ಎಷ್ಟೋ ಗದ್ದೆಗಳು ಈಗ ಅಡಿಕೆ ತೋಟಗಳಾಗಿವೆ. ಬಂಟ್ವಾಳ, ಬೆಳ್ತಂಗಡಿಗಳ ಅನೇಕ ಮನೆಗಳಲ್ಲಿ ಹೆಂಗಸರು ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತ ಸಂಸಾರ ಸಾಗಿಸಿದ್ದಾರೆ. ಕೈಬೆರಳಿಗೆ ಬಿಡುವಿಲ್ಲ, ಕಾಲಿನ ದೊಡ್ಡ ಸ್ನಾಯುಗಳಿಗೆ ಕೆಲಸವಿಲ್ಲ. ಕೂತಲ್ಲೇ ಕೂತ ದೇಹದಲ್ಲಿ ಓಲೆ ಬಂದರೂ ಬಾಗಿಲು ಸರಿಯಾಗಿ ತೆರೆಯುವುದಿಲ್ಲ. ಮಿಕ್ಕ ಸಕ್ಕರೆಯ ಒಂದಷ್ಟು ಪಿತ್ತಜನಕಾಂಗದಲ್ಲಿ ಕೊಬ್ಬಾಗಿ ಕೂರುತ್ತದೆ.

ಈ ಓಲೆಯನ್ನೇ ನಕಲು ಮಾಡಿದ ಔಷಧಗಳು ಈಗ ಲೋಕಪ್ರಸಿದ್ಧ. ಮೊದಲನೆಯದಾದ ಎಕ್ಸೆನಟೈಡ್ 2005ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಗಿಲಾ ಮಾನ್‌ಸ್ಟರ್ ಎಂಬ ವಿಷಕಾರಿ ಹಲ್ಲಿಯ ಜೊಲ್ಲಿನಲ್ಲಿ ದೊರೆತ ವಸ್ತುವೇ ಅದರ ಮೂಲ. ನಂತರ ಸೆಮಾಗ್ಲುಟೈಡ್ ಬಂತು. ಜಿಐಪಿ ಮತ್ತು ಜಿಎಲ್‌ಪಿ-1 ಎರಡರ ಕೆಲಸವನ್ನೂ ಮಾಡುವ ಟಿರ್ಜೆಪಟೈಡ್ ಬಂತು. ಟಿರ್ಜೆಪಟೈಡ್ 2025ರ ಮಾರ್ಚಿನಲ್ಲಿ ಭಾರತಕ್ಕೆ ಕಾಲಿಟ್ಟಾಗ ತಿಂಗಳ ಖರ್ಚು ಹತ್ತು ಸಾವಿರ ರೂಪಾಯಿ ಮೀರಿತ್ತು. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ ಎಣಿಸುವ ಮನೆಗೆ ಅದು ಎಟುಕುವ ಮಾತಲ್ಲ. ಔಷಧ ನಿಲ್ಲಿಸಿದರೆ ಕಳೆದ ತೂಕದ ಬಹುಪಾಲು ಮರಳುವುದುಂಟು. ತೂಕದೊಡನೆ ಸ್ನಾಯುವೂ ಸ್ವಲ್ಪ ಕರಗುತ್ತದೆ. ಹಾಗೆಂದು ಅದು ನಿಷ್ಪ್ರಯೋಜಕವೆಂದಲ್ಲ. ಅಗತ್ಯವಿರುವವರಿಗೆ, ವೈದ್ಯರ ನಿಗಾದಲ್ಲಿ, ಅದು ದೊಡ್ಡ ವರವೇ.

ಆದರೆ ಗಂಜಿಗೆ ಹುರುಳಿ ಚಟ್ನಿಯೋ ಹೆಸರಿನ ಪಲ್ಯವೋ ಜೊತೆಯಾಗಲು, ರಾತ್ರಿಯ ಊಟ ಒಂದೆರಡು ಗಂಟೆ ಹಿಂದೆ ಸರಿಯಲು, ಉಂಡ ಮೇಲೆ ತೋಟದ ತುದಿಯವರೆಗೆ ನಡೆದು ಬರಲು ಯಾರ ಚೀಟಿಯೂ ಬೇಕಿಲ್ಲ. ನಡೆಯುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೂ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಇವು ಔಷಧಕ್ಕೆ ಬದಲಿಯಲ್ಲ. ಆದರೆ ಔಷಧ ಕೊಳ್ಳಬಲ್ಲವರಿಗೂ ಕೊಳ್ಳಲಾಗದವರಿಗೂ ಇವು ಸಮಾನವಾಗಿ ಬೇಕು.