ಬಿತ್ತನೆಯ ಬೀಜಕ್ಕೆ ಅವಸರ ಸಲ್ಲದು
(ಬೀದರ, ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳ ಒಕ್ಕಲಿಗರಿಗಾಗಿ ಮಾಡಿದ ಉಪನ್ಯಾಸ)



ಬೀದರ ನಗರದ ಬಿದರಿ ಕೆಲಸವನ್ನು ಕಾಣದವರು ಈ ಸೀಮೆಯಲ್ಲಿ ವಿರಳ. ಸತುವಿಗೆ ಸ್ವಲ್ಪ ತಾಮ್ರವನ್ನು ಬೆರೆಸಿ ಎರಕಹೊಯ್ದು, ಉಳಿಯಿಂದ ಗೆರೆ ಕೊರೆದು, ಅದರಲ್ಲಿ ಬೆಳ್ಳಿಯ ತಂತಿಯನ್ನು ಕೂಡಿಸುವರು. ಕಡೆಯಲ್ಲಿ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕಲಸಿ ಹಚ್ಚಿದಾಗ ಲೋಹವು ಕಪ್ಪಾಗಿ ಬೆಳ್ಳಿಯು ಬೆಳಗುವುದು. ಅವಸರದಲ್ಲಿ ತಪ್ಪಿ ಕೊರೆದ ಗೆರೆಯನ್ನು ಕಡೆಯ ಕಪ್ಪು ಬಣ್ಣವು ಮುಚ್ಚಲಾರದು. ಬಿತ್ತನೆಯ ಬೀಜದ ಮಾತೂ ಹೀಗೆಯೇ.

ಭಾಲ್ಕಿ, ಔರಾದಗಳ ಎರೆಭೂಮಿಯಲ್ಲಿ ಉದ್ದು, ಹೆಸರು, ತೊಗರಿಗಳ ಜೊತೆಗೆ ಸೋಯಾ ಅವರೆಯು ಈಗ ಮುಂಗಾರಿನ ಮುಖ್ಯ ಬೆಳೆಯಾಗಿದೆ. ಈ ಬೀಜದ ಸಿಪ್ಪೆ ಬಹು ತೆಳುವು. ಮೊಳಕೆಯ ಭಾಗವು ಸಿಪ್ಪೆಯ ಕೆಳಗೇ ಇರುವುದು. ಪೆಟ್ಟು ತಿಂದ ಕಾಳು ನೋಟಕ್ಕೆ ಗುಂಡಾಗಿದ್ದರೂ ನೆಲದಲ್ಲಿ ಸಾಯುವುದು. ಆದುದರಿಂದ ಬೀಜದ ಜೋಪಾನವು ರಾಶಿಯ ದಿನದಿಂದಲೇ ಮೊದಲಾಗತಕ್ಕದ್ದು. ಕೆಲಸ ಬೇಗ ಮುಗಿಯಲೆಂದು ರಾಶಿಯ ಯಂತ್ರವನ್ನು ರಭಸದಿಂದ ಓಡಿಸಬಾರದು. ಬೀಜಕ್ಕೆಂದು ಇಡುವ ಪೈರಿಗೆ ನಿಮಿಷಕ್ಕೆ 400 ಸುತ್ತುಗಳನ್ನು ಮೀರಬಾರದು. ಕಾಳನ್ನು ತೇವಾಂಶವು ನೂರಕ್ಕೆ 12ಕ್ಕಿಂತ ಹೆಚ್ಚಿರದಂತೆ ಒಣಗಿಸಬೇಕು. ಚೀಲಗಳನ್ನು ಎತ್ತರದಿಂದ ಕೆಡವದೆ, ಹಲಗೆಯ ಮೇಲೆ ನಾಲ್ಕೈದಕ್ಕಿಂತ ಹೆಚ್ಚು ಪೇರಿಸದೆ ಇಡಬೇಕು.

ಎರಡನೆಯದು ಮೊಳಕೆಯ ಪರೀಕ್ಷೆ. ಮೇ ತಿಂಗಳಲ್ಲಿ ಚೀಲದ ಮೇಲಿನಿಂದಲೂ ನಡುವಿನಿಂದಲೂ ತಳದಿಂದಲೂ ಆರಿಸದೆ 100 ಕಾಳುಗಳನ್ನು ತೆಗೆದು, ಒದ್ದೆ ಗೋಣಿತಟ್ಟಿನಲ್ಲಿ ಸಾಲಾಗಿಟ್ಟು, ಸುರುಳಿ ಸುತ್ತಿ ನೆರಳಿನಲ್ಲಿಡತಕ್ಕದ್ದು. ತಟ್ಟು ಒಣಗದಂತೆ ನೀರು ಚಿಮುಕಿಸುತ್ತಿದ್ದು ಒಂದು ವಾರದ ಮೇಲೆ ಎಣಿಸಬೇಕು. 70 ಚೆನ್ನಾಗಿ ಮೊಳೆತರೆ ಎಕರೆಗೆ 25 ಕಿಲೋ ಸಾಕು. 60 ಮಾತ್ರ ಮೊಳೆತರೆ 29 ಕಿಲೋ ಬೇಕಾಗುವುದು. ಅರ್ಧವೂ ಮೊಳೆಯದ ಬೀಜವನ್ನು ಕಾಳಾಗಿ ಮಾರುವುದೇ ಲೇಸು. ಒಂದು ವಾರದ ಈ ತಾಳ್ಮೆಗೆ ಕಾಸಿನ ಖರ್ಚಿಲ್ಲ. ತಪ್ಪಿದರೆ ಒಂದು ಹಂಗಾಮವೇ ಹೋಗುವುದು.

ಮೂರನೆಯದು ಬೀಜೋಪಚಾರ. ಮೊದಲು ಶಿಲೀಂಧ್ರನಾಶಕವನ್ನು ಲೇಪಿಸಿ ಆರಿಸಿ, ಕಡೆಯಲ್ಲಿ ರೈಜೋಬಿಯಂ ಅಣುಜೀವಿ ಗೊಬ್ಬರವನ್ನು ಸವರಬೇಕು. ಬೀಜವನ್ನು ಬಲವಾಗಿ ಉಜ್ಜಬಾರದು. ಬಿಸಿಲಿಗೆ ಹಾಕಿದರೆ ಅಣುಜೀವಿಗಳು ಸಾಯುವುದರಿಂದ ನೆರಳಿನಲ್ಲಿಯೇ ಆರಿಸಿ ಅಂದೇ ಬಿತ್ತತಕ್ಕದ್ದು.

ಕಡೆಯದು ಹದಕ್ಕೆ ಕಾಯುವುದು. ಮಿರಗದ ಮೊದಲ ಮಳೆ ಬಿದ್ದೊಡನೆ ನೆರೆಯವನ ಕೂರಿಗೆ ಹೊಲಕ್ಕಿಳಿದುದನ್ನು ಕಂಡು ಮನಸ್ಸು ಚಂಚಲವಾಗುವುದು ಸಹಜ. ಆದರೆ ಎರೆಯ ಮೇಲ್ಪದರವು ನೆನೆದು ಒಳಗೆ ಒಣಗಿದ್ದರೆ, ಬೀಜವು ಉಬ್ಬಿ, ಮಳೆ ತಡೆದಾಗ ಅಲ್ಲಿಯೇ ಕೊಳೆಯುವುದು ಇಲ್ಲವೆ ಒಣಗುವುದು. ಆಮೇಲೆ ಎರಡನೆಯ ಸಲದ ಬೀಜಕ್ಕೆ ಸಾಲದ ಮನೆಯೇ ಗತಿ. ಮೂರು ನಾಲ್ಕು ಅಂಗುಲ ಮಳೆಯಾಗಿ ನೆಲವು ಆಳಕ್ಕೆ ನೆನೆದ ಮೇಲೆ, ಎರಡು ಬೆರಳಗಲದ ಆಳಕ್ಕೆ ಬಿತ್ತಬೇಕು. ಅದಕ್ಕಿಂತ ಆಳವಾದರೆ ಮೊಳಕೆಯು ಮೇಲಕ್ಕೆ ಬರಲಾರದು.

ತಾಳ್ಮೆಯೆಂದರೆ ಸೋಮಾರಿತನವೆಂದು ಯಾರೂ ಭಾವಿಸಬಾರದು. ಹದ ಬಂದ ಮೇಲೆ ಒಂದು ದಿನವನ್ನೂ ಕಳೆಯಬಾರದು; ಜುಲೈ ಮುಂದುವರಿದಂತೆ ಇಳುವರಿ ಇಳಿಯುವುದು. ಬೇಸಗೆಯಲ್ಲಿಯೇ ಬೀಜವನ್ನು ಪರೀಕ್ಷಿಸಿ, ಕೂರಿಗೆಯನ್ನು ಸರಿಪಡಿಸಿಟ್ಟವನಿಗೆ ಆ ದಿನ ಅವಸರವೇ ಇರದು. ಸಿದ್ಧನಾಗಿ ಕಾಯುವವನೇ ಸಕಾಲದಲ್ಲಿ ಬಿತ್ತುವನು.