ಮೇಜಿನ ಮೇಲೊಂದು ಜಗಳ

'ಟೇಬಲ್' ಎಂದರೇನು ಎಂದು ಕೇಳಿದರೆ ಒಂದನೆಯ ತರಗತಿಯ ಮಗುವೂ ಮೇಜು ಎನ್ನುತ್ತದೆ. ಇದೇ ಪದ ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ಸೇನಾಧಿಕಾರಿಗಳ ನಡುವೆ ಬಿಸಿಬಿಸಿ ವಾಗ್ವಾದ ಎಬ್ಬಿಸಿತ್ತು. ಚರ್ಚಿಲ್ ತಮ್ಮ ಯುದ್ಧಚರಿತ್ರೆಯಲ್ಲಿ ಇದನ್ನು ದಾಖಲಿಸಿದ್ದಾರೆ. ತುರ್ತಾದ ಒಂದು ಪತ್ರವನ್ನು 'ಟೇಬಲ್' ಮಾಡೋಣ ಎಂದರು ಬ್ರಿಟಿಷರು. ಅವರ ರೂಢಿಯಲ್ಲಿ ಹಾಗೆಂದರೆ ಚರ್ಚೆಗೆ ಮಂಡಿಸುವುದು. ಅಮೆರಿಕನ್ನರ ರೂಢಿಯಲ್ಲಿ ಬದಿಗೆ ಸರಿಸಿಡುವುದು! ಇಬ್ಬರ ಇಚ್ಛೆಯೂ ಒಂದೇ ಎಂದು ತಿಳಿಯುವ ಹೊತ್ತಿಗೆ ಸಾಕಷ್ಟು ಕಾಲ ಕಳೆದಿತ್ತು.

ನಮ್ಮ ಸಂಸತ್ತಿನಲ್ಲಿ ಇರುವುದು ಬ್ರಿಟಿಷ್ ರೂಢಿ. ಆದ್ದರಿಂದ ಮಸೂದೆ 'ಟೇಬಲ್' ಆಯಿತೆಂದು ಪತ್ರಿಕೆಯಲ್ಲಿ ಓದಿದರೆ, ಮಂಡನೆಯಾಯಿತು ಎಂದೇ ತಿಳಿಯಬೇಕು.

ಈ ಪದದ ಮೂಲ ಲ್ಯಾಟಿನ್ ಭಾಷೆಯ 'ತಬುಲ', ಅಂದರೆ ಹಲಗೆ. ಹಲಗೆಯ ಮೇಲೆ ಸಾಲಾಗಿ ಬರೆದ ಪಟ್ಟಿಗೂ ಅದೇ ಹೆಸರು ಬಂತು. ಹೀಗೆ ಗಣಿತದ ಮಗ್ಗಿಯೂ ಟೇಬಲ್, ರಸಾಯನಶಾಸ್ತ್ರದ ಆವರ್ತ ಕೋಷ್ಟಕವೂ ಟೇಬಲ್. 'ವಾಟರ್ ಟೇಬಲ್' ಎಂದರೆ ಅಂತರ್ಜಲದ ಮೇಲ್ಮಟ್ಟ. ಬಾವಿ ಬತ್ತುವುದು ಅದು ಕುಸಿದಾಗ. 'ಟರ್ನ್ ದ ಟೇಬಲ್ಸ್' ಎಂಬ ನುಡಿಗಟ್ಟಿನಲ್ಲಿರುವುದು ಆಟದ ಹಲಗೆ. ಅದನ್ನು ತಿರುಗಿಸಿದರೆ ಸೋಲುತ್ತಿದ್ದವನು ಗೆಲ್ಲುವ ಕಡೆಗೆ ಬರುತ್ತಾನೆ.

ಆದ್ದರಿಂದ ಪರೀಕ್ಷೆಯಲ್ಲಿ ಅನುವಾದಿಸುವಾಗ ನಿಘಂಟಿನ ಮೊದಲ ಅರ್ಥಕ್ಕೇ ನಿಲ್ಲಬೇಡಿ. ವಾಕ್ಯವನ್ನು ಪೂರ್ತಿ ಓದಿ. ಇದೇನೂ ನಮಗೆ ಹೊಸ ವಿದ್ಯೆಯಲ್ಲ. 'ಈ ವರ್ಷ ಮಳೆ ಕೈಕೊಟ್ಟಿತು' ಎಂದು ರೈತ ಹೇಳಿದಾಗ, ಮಳೆಗೆ ಕೈ ಎಲ್ಲಿದೆ ಎಂದು ನಾವು ಯಾರೂ ಕೇಳುವುದಿಲ್ಲವಲ್ಲ!